ಅಕ್ಕನ ಬಾಯಿ, ತಮ್ಮನ ಬಾಯಿ, ನಡುವೆ ನಾನು

ಬೆಳಿಗ್ಗೆ ಏಳೂಕಾಲಿಗೆ ಮುಂಡರಗಿಯಿಂದ ಅಕ್ಕನ ಫೋನು. ಏಳೂವರೆಗೆ ಲಕ್ಷ್ಮೇಶ್ವರದಿಂದ ತಮ್ಮನ ಫೋನು. ನಡುವಿನ ಹದಿನೈದು ನಿಮಿಷದಲ್ಲಿ ಬೆಟಗೇರಿಯ ನನ್ನ ಅಡುಗೆಮನೆಯಲ್ಲಿ ಚಹಾ ಸೋಸಿಕೊಂಡು, ಅಕ್ಕ ಹೇಳಿದ್ದನ್ನು ತಮ್ಮನಿಗೆ ಹೇಗೆ ಮುಟ್ಟಿಸುವುದೆಂದು ನಾನು ಯೋಚಿಸಬೇಕಿತ್ತು. ಒಂಬತ್ತು ವರ್ಷ ಹೀಗೇ ನಡೆಯಿತು. ಅಷ್ಟೂ ದಿನ ಅವರಿಬ್ಬರೂ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ನಾನು ಇಬ್ಬರ ಬಾಯಿಯಾಗಿದ್ದೆ.

ನಮ್ಮ ಕಡೆ ಮಾತು ಬಿಡುವುದೆಂದರೆ ಸಂಬಂಧ ಬಿಡುವುದಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಾರೆ, ಜ್ವರ ಬಂದರೆ ಮೋಸಂಬಿ ಕಳಿಸುತ್ತಾರೆ, ಸುಗ್ಗಿ ಮುಗಿದ ಮೇಲೆ ಜೋಳದ ಚೀಲವೂ ಬರುತ್ತದೆ. ನೇರವಾಗಿ ಮಾತಾಡುವುದಿಲ್ಲ, ಅಷ್ಟೆ. ಮೂರನೆಯವರಿಗೆ ಹೇಳಿ ಅವರಿಂದ ಹೇಳಿಸುತ್ತಾರೆ. ಮೂರನೆಯವರು ಸಿಗದಿದ್ದರೆ ಬೆಕ್ಕಿಗೋ ಕಂಬಕ್ಕೋ ಹೇಳುತ್ತಾರೆ. ನಮ್ಮ ಓಣಿಯ ಒಬ್ಬ ಅಜ್ಜಿ ಗಂಡನೊಡನೆ ಮಾತು ಬಿಟ್ಟು, ಒಲೆಯ ಮೂಲಕ ಸಂಸಾರ ನಡೆಸಿದ್ದನ್ನು ನಾನೇ ಕಂಡಿದ್ದೇನೆ. "ಏ ಒಲಿ, ಬಡಿಸೀನಿ, ಉಣ್ಣಾಕ ಬಾ ಅಂತ ಹೇಳು" ಎಂದು ಆಕೆ ಅಂದರೆ, ಅಜ್ಜ ಒಲೆಯ ಕಡೆ ನೋಡಿ "ಕೈ ತೊಳಕೊಂಡು ಬರ್ತೀನಂತ ಹೇಳು" ಅನ್ನುತ್ತಿದ್ದ.

ಈ ಕೆಲಸಕ್ಕೆ ನನ್ನನ್ನೇ ಯಾಕೆ ಆರಿಸಿಕೊಂಡರೆಂದರೆ, ನನ್ನ ನೌಕರಿಯೇ ಅದಾಗಿತ್ತು. ಗದಗಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದೆ. ಎದೆಯ ಮೇಲೆ ತಗಡಿನ ಫಲಕ, ಅದರಿಂದ ಮೇಲಕ್ಕೆ ಬಾಗಿದ ಕರಿ ಕೊಂಬಿನಂಥ ಮೌತ್‌ಪೀಸು, ಕಿವಿಗೆ ಬಿಗಿದ ಹೆಡ್‌ಫೋನು. ಪಾಳಿ ಬದಲಾದಾಗ ಆ ಮೌತ್‌ಪೀಸನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕೆಂಬುದು ನಿಯಮ. ಎಷ್ಟು ಒರೆಸಿದರೂ ಹಿಂದಿನ ಪಾಳಿಯವಳು ಏನು ತಿಂದು ಬಂದಿದ್ದಳೆಂದು ಬರುವವಳಿಗೆ ಗೊತ್ತಾಗುತ್ತಿತ್ತು. ಬೆಳ್ಳುಳ್ಳಿ ಚಟ್ನಿಯ ದಿನ ನಾವು ಮೂಗು ಮುಚ್ಚಿಕೊಂಡೇ "ನಂಬರ್ ಹೇಳ್ರಿ" ಅನ್ನುತ್ತಿದ್ದೆವು.

ಮಳೆಗಾಲದಲ್ಲಿ ಲೈನು ಕೆಟ್ಟರೆ ಮುಂಡರಗಿಯವರ ದನಿ ಹುಬ್ಬಳ್ಳಿಗೆ ಕೇಳುತ್ತಿರಲಿಲ್ಲ, ಹುಬ್ಬಳ್ಳಿಯದು ಮುಂಡರಗಿಗೆ ಕೇಳುತ್ತಿರಲಿಲ್ಲ. ನಡುವೆ ಕುಳಿತ ನಮಗೆ ಮಾತ್ರ ಎರಡೂ ಕೇಳುತ್ತಿದ್ದವು. ಆಗ ಜನ "ಅಕ್ಕಾರ, ನೀವ ಒಂದೀಟು ಹೇಳಿಬಿಡ್ರಿ" ಎಂದು ಬೇಡಿಕೊಳ್ಳುವರು. ಒಮ್ಮೆ ಒಬ್ಬ ಹೊಸ ಮದುಮಗ ಹುಬ್ಬಳ್ಳಿಯಿಂದ, ತವರಿಗೆ ಹೋದ ಹೆಂಡತಿಗೆ ಹೇಳಿಸಿದ: "ನೀ ಇಲ್ದ ಮನಿ ಬಣಬಣ ಅನ್ನಾಕತ್ತೈತಿ ಅಂತ ಹೇಳ್ರಿ." ರೇಲ್ವೆ ಸ್ಟೇಶನ್ನಿನಲ್ಲಿ ಗಾಡಿ ಬರುವುದನ್ನು ಸಾರುವ ದನಿಯಲ್ಲಿ ನಾನು ಅದನ್ನು ಹೇಳಿದೆ. ಆ ಕಡೆಯಿಂದ ಉತ್ತರ ಬಂತು: "ಅಷ್ಟು ಬಣಬಣ ಅಂತಿದ್ರ ಬಂದು ಕರಕೊಂಡು ಹೋಗಂತ ಹೇಳ್ರಿ. ಬರೂ ಮುಂದ ಗಡ್ಡ ತಗಸ್ಕೊಂಡು ಬಾ ಅಂತ ಹೇಳ್ರಿ." ಅದನ್ನೂ ಅದೇ ದನಿಯಲ್ಲಿ ಹೇಳಿದೆ. ಪಕ್ಕದ ಬೋರ್ಡುಗಳಲ್ಲಿದ್ದ ಗೆಳತಿಯರು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕುಳಿತಿದ್ದರು.

ನಮ್ಮ ಹಿರಿಯ ಮೇಲ್ವಿಚಾರಕಿ ಬಲು ಕಟ್ಟುನಿಟ್ಟಿನ ಹೆಂಗಸು. "ನೀನು ತಂತಿ ಇದ್ದಂಗ. ತಂತಿಗೆ ಸ್ವಂತ ಅಭಿಪ್ರಾಯ ಇರೂದಿಲ್ಲ. ಅವರು ಬೈದ್ರ ಬೈಗಳಾನೂ ಮುಟ್ಟಸಬೇಕು, ಒಂದಕ್ಷರ ಕಡಿಮಿ ಆಗಬಾರದು" ಎಂದು ಮೊದಲ ದಿನವೇ ಹೇಳಿದ್ದರು. ಹಾಗೆಯೇ ನಡೆದುಕೊಂಡೆ. ನಿವೃತ್ತಿಯ ದಿನದವರೆಗೂ ಯಾರ ಮಾತನ್ನೂ ಒಂದಕ್ಷರ ಬದಲಿಸಲಿಲ್ಲ.

ನಿವೃತ್ತಿಯ ನಂತರ ಬದಲಿಸಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ.

ಅಕ್ಕ–ತಮ್ಮ ಮಾತು ಬಿಟ್ಟ ಕಾರಣವನ್ನು ಹೇಳಬೇಕು. ತಮ್ಮ ಲಕ್ಷ್ಮೇಶ್ವರದಲ್ಲಿ ಟೇಲರ್. ಲಗ್ನದ ಸುಗ್ಗಿಯಲ್ಲಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಬ್ಯಾಂಡ್ ಕಂಪನಿಯೊಂದರಲ್ಲಿ ಕ್ಲಾರ್ನೆಟ್ ಊದಲು ಹೋಗುತ್ತಾನೆ. ಹೊಲಿಗೆ ಹೊಟ್ಟೆಗಾಗಿ, ಕ್ಲಾರ್ನೆಟ್ ತನಗಾಗಿ. ಅವನಿಗೆ ಕಲಿಸಿದ ಗುರುಗಳು ತೀರಿಕೊಳ್ಳುವ ಮುಂಚೆ ತಮ್ಮ ಮೌತ್‌ಪೀಸನ್ನು ಅವನಿಗೆ ಕೊಟ್ಟಿದ್ದರು. ಕ್ಲಾರ್ನೆಟ್ಟಿನ ತುದಿಯಲ್ಲಿ, ಹಲ್ಲಿನ ಕೆಳಗೆ ಹಿಡಿದು ಊದುವ ಭಾಗ ಅದು. ಗಟ್ಟಿ ಕರಿ ರಬ್ಬರಿನದು, ಕೊಳಲಿಗಿಂತ ಗಿಡ್ಡ, ಹಕ್ಕಿಯ ಕೊಕ್ಕಿನ ಹಾಗೆ ಇಳಿಜಾರು. ಅದರ ಚಪ್ಪಟೆ ಮುಖಕ್ಕೆ ಬೆತ್ತದ ತೆಳು ಪಟ್ಟಿಯನ್ನು ಬಿಗಿಯುತ್ತಾರೆ. ಆ ಮುಖ ಕೂದಲೆಳೆಯಷ್ಟು ಸೊಟ್ಟಾದರೂ ನಾದ ಬರುವುದಿಲ್ಲ.

ಮುಂಡರಗಿಯಲ್ಲಿ ಒಂದು ಲಗ್ನದ ಮೆರವಣಿಗೆ ಇತ್ತು. ತಮ್ಮ ಹಿಂದಿನ ದಿನವೇ ಹೋಗಿ ಅಕ್ಕನ ಮನೆಯಲ್ಲಿ ಇಳಿದುಕೊಂಡ. ಬೆಳಿಗ್ಗೆ ಮೌತ್‌ಪೀಸ್ ತೊಳೆದು, ಒಣಗಲೆಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದ. ಅಕ್ಕನ ಮನೆಯಲ್ಲಿ ಆಗ ಎಳೆಯ ಮೊಮ್ಮಗ. ಒಲೆಯ ಮೇಲೆ ಕೂಸಿನ ಹಾಲಿನ ಬಾಟಲಿಗಳು ಕುದಿಯುತ್ತಿದ್ದವು. ಅಕ್ಕ ಸ್ವಚ್ಛತೆಯಲ್ಲಿ ನನಗಿಂತ ಒಂದು ಕೈ ಮೇಲು. ಬಾಯಲ್ಲಿಡುವ ವಸ್ತುವನ್ನು ಬರೇ ತಣ್ಣೀರಲ್ಲಿ ತೊಳೆದಿದ್ದಾನೆ, ಹುಚ್ಚಪ್ಪ, ಎಂದು ಅದನ್ನೂ ಎತ್ತಿ ಕುದಿಯುವ ನೀರಿಗೆ ಹಾಕಿದಳು. ತಮ್ಮನ ಮೇಲಿನ ಕಕ್ಕುಲಾತಿಯಿಂದಲೇ ಹಾಕಿದ್ದು.

ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮನೆಯೆಲ್ಲ ಸುಟ್ಟ ರಬ್ಬರಿನ ವಾಸನೆ. ಕರಿ ಮೌತ್‌ಪೀಸು ಹಸಿರುಗಟ್ಟಿದ ಕಂದು ಬಣ್ಣಕ್ಕೆ ತಿರುಗಿತ್ತು. ಮುಖ ಸೊಟ್ಟಗಾಗಿತ್ತು. ಆ ಮಧ್ಯಾಹ್ನದ ಮೆರವಣಿಗೆಯಲ್ಲಿ ತಮ್ಮ ಊದಿದರೆ ಗಾಳಿ ಮಾತ್ರ ಬಂತು. ಬಿಟ್ಟು ಹೋಗುವಂತಿರಲಿಲ್ಲ. ಆದ್ದರಿಂದ ಊರ ತುಂಬ ಗಲ್ಲ ಉಬ್ಬಿಸಿ, ಬೆರಳಾಡಿಸುತ್ತ, ದನಿಯಿಲ್ಲದೆ ನಡೆದ. ಬೀಗರ ಕಡೆಯ ಒಬ್ಬರು ಹತ್ತಿರ ಬಂದು ಕಿವಿಗೊಟ್ಟು ನೋಡಿ ನಕ್ಕರಂತೆ. ಸಂಜೆ ಮನೆಗೆ ಬಂದವನೇ "ನಿನ್ನ ಸ್ವಚ್ಛತಾಕ್ಕ ಬೆಂಕಿ ಹಚ್ಚಲಿ" ಅಂದ. ಅಕ್ಕ "ಎಂಜಲಾ ಚೀಪಾವ ನೀ, ನನಗ ಬುದ್ಧಿ ಹೇಳ್ತಿಯೇನು" ಅಂದಳು. ಅಲ್ಲಿಗೆ ಮುಗಿಯಿತು.

ಮಾರನೆಯ ಬೆಳಿಗ್ಗೆ ಏಳೂಕಾಲಿಗೆ ಅಕ್ಕನ ಮೊದಲ ಫೋನು ಬಂತು. "ಅಂವಗ ಹೇಳು, ಅವನ ಪಿಪಾಣಿ ಗಂಟಲದಾಗ ಸಿಕ್ಕೊಳ್ಳಲಿ ಅಂತ." ನನಗೆ ಮೇಲ್ವಿಚಾರಕಿ ನೆನಪಾದರು. ಒಂದಕ್ಷರ ಕಡಿಮೆ ಆಗಬಾರದು. ಏಳೂವರೆಗೆ ತಮ್ಮ ಫೋನು ಮಾಡಿ, ಸಣ್ಣ ದನಿಯಲ್ಲಿ, "ದೊಡ್ಡಕ್ಕ ಏನರ ಅಂದ್ಲೇನು?" ಎಂದು ಕೇಳಿದ. ಗುರುಗಳ ವಸ್ತು ಹಾಳಾದ ದುಃಖ ಅವನ ದನಿಯಲ್ಲಿ ಇನ್ನೂ ಇತ್ತು. ನನ್ನ ಬಾಯಿಂದ ಹೊರಟದ್ದು ಇದು: "ನೀ ಊರು ಮುಟ್ಟಿದಿ ಇಲ್ಲೋ ಅಂತ ಕೇಳಿದ್ಲು."

ಒಮ್ಮೆ ಸಡಿಲಾದ ಮೇಲೆ ಬಿಗಿ ಮಾಡುವುದು ಕಷ್ಟ. ತಮ್ಮ "ಆಕಿ ಕಳಿಸಿದ ಶೇಂಗಾ ಹಿಂಡಿ ಬರೇ ಉಪ್ಪು, ಬಿ.ಪಿ. ಇದ್ದಂವ ನಾ, ಸಾಕು ಅಂತ ಹೇಳು" ಎಂದರೆ, ನಾನು ಅಕ್ಕನಿಗೆ "ಭಾಳ ಛಲೋ ಆಗೇತಂತ, ಅವ್ವನ ಕೈರುಚಿ ನೆನಪಾಗಿ ಕಣ್ಣಾಗ ನೀರು ಬಂತಂತ, ಇನ್ನೂ ಬೇಕಂತ" ಎಂದು ಹೇಳಿದೆ. ಪರಿಣಾಮ, ಅಕ್ಕ ಪ್ರತಿ ತಿಂಗಳು ಶೇಂಗಾ ಚಟ್ನಿಪುಡಿ ಕುಟ್ಟತೊಡಗಿದಳು. ಡಬ್ಬಿ ಮುಂಡರಗಿಯ ಬಸ್ಸಿನ ಡ್ರೈವರನ ಕೈಯಲ್ಲಿ ಗದಗ ನಿಲ್ದಾಣಕ್ಕೆ ಬರುವುದು. ನಾನು ಅದನ್ನು ಲಕ್ಷ್ಮೇಶ್ವರದ ಬಸ್ಸಿನ ಡ್ರೈವರನ ಸೀಟಿನ ಹಿಂದೆ ಇಡಿಸುವುದು. ಮುಳಗುಂದ ದಾಟಿ ಅದು ತಮ್ಮನ ಅಂಗಡಿ ಸೇರುವುದು. ಅವನು ಅದನ್ನು ಗಿರಾಕಿಗಳಿಗೆ ಹಂಚುವುದು. ಲಕ್ಷ್ಮೇಶ್ವರದಲ್ಲಿ ಅಂಗಿ ಹೊಲಿಸಿಕೊಂಡವರೆಲ್ಲ ನಮ್ಮಕ್ಕನ ಹಿಂಡಿ ತಿಂದಿದ್ದಾರೆ.

ಈ ಕಡೆ ತಮ್ಮ ಹೇಗೋ ಹೊಸ ಮೌತ್‌ಪೀಸ್ ಹೊಂದಿಸಿಕೊಂಡು ಮತ್ತೆ ಊದಲು ಶುರು ಮಾಡಿದ. ಅಕ್ಕ "ಅದನ್ನ ಬಿಟ್ಟು ಯಾವುದರ ದೇವರ ನಾಮ ನೆನಿ ಅಂತ ಹೇಳು" ಎಂದಳು. ನಾನು "ಅಕ್ಕಗ ನಿನ್ನ ಕ್ಲಾರ್ನೆಟ್ ಕೇಳೂ ಆಶಾ ಐತಿ" ಎಂದೆ. ತಮ್ಮ ಖುಷಿಯಿಂದ ಮೊಬೈಲಿನಲ್ಲಿ ಊದಿ ಮುದ್ರಿಸಿ ನನಗೆ ಕಳಿಸತೊಡಗಿದ. ಮೊದಲನೆಯದನ್ನು ಅಕ್ಕನಿಗೆ ಕೇಳಿಸಿದೆ. "ಬಂದ್ ಮಾಡು ತಂಗಿ, ಹಿತ್ತಲದಾಗಿನ ಎಮ್ಮಿ ಹಾಲು ಬತ್ತತೈತಿ" ಎಂದಳು. ಎರಡನೆಯದರಿಂದ ನಾನು ಒಬ್ಬಳೇ ಕೇಳಿ, ಅಕ್ಕನ ಪರವಾಗಿ ಅಳತೊಡಗಿದೆ. ಹದಿನೈದು ದಿನಕ್ಕೊಮ್ಮೆ ಅಕ್ಕ ಅತ್ತಳೆಂದು ತಮ್ಮನಿಗೆ ವರದಿ.

ನಾನು ಶಿಸ್ತಿನ ಹೆಂಗಸು. ಐದಕ್ಕೆ ಏಳುತ್ತೇನೆ, ಆರಕ್ಕೆ ಪೂಜೆ ಮುಗಿದಿರುತ್ತದೆ. ಓಣಿಯವರು ನೀರು ಬಿಡುವವನಿಗೆ ಫೋನು ಮಾಡಬೇಕಾದರೂ ಸರಿಯಾಗಿ ಮಾತಾಡುತ್ತೀರೆಂದು ನನ್ನನ್ನೇ ಕರೆಯುತ್ತಾರೆ. ಸುಳ್ಳಿನಲ್ಲಿಯೂ ನಾನು ಶಿಸ್ತು ಬಿಡಲಿಲ್ಲ. ಯಾರಿಗೆ ಏನು ಹೇಳಿದ್ದೇನೆಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದಿಡುತ್ತಿದ್ದೆ. ಆದ್ದರಿಂದಲೇ ಒಂಬತ್ತು ವರ್ಷ ಸಿಕ್ಕಿಬೀಳಲಿಲ್ಲ.

ಹೋದ ಬೇಸಿಗೆಯಲ್ಲಿ ತಮ್ಮನ ಮಗಳು ಶಿರಹಟ್ಟಿಯಲ್ಲಿ ಹೊಸ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ಇಬ್ಬರು ಅತ್ತೆಯರೂ ಬರಲೇಬೇಕೆಂದು ಹಟ ಹಿಡಿದಳು. ಅಕ್ಕ ನನಗೆ ಫೋನು ಮಾಡಿ ಖಡಾಖಂಡಿತವಾಗಿ ಹೇಳಿದಳು: "ಅಂವ ತಪ್ಪಾತು ಅಂದ್ರ ಬರ್ತೀನಿ. ಇಲ್ಲಂದ್ರ ಇಲ್ಲ." ಹದಿನೈದು ನಿಮಿಷದ ನಂತರ ತಮ್ಮ: "ದೊಡ್ಡಕ್ಕ ತಪ್ಪಾತು ಅಂದ್ರ ಆಕಿ ಕಾಲಿಗೆ ಬಿದ್ದು ಕರೀತೀನಿ. ಇಲ್ಲಂದ್ರ ನನಗ ಆಕಿ ಕೂಡ ಮಾತಿಲ್ಲ."

ಅವತ್ತು ಚಹಾ ಸೋಸುವುದನ್ನು ಮರೆತೆ. ಅದು ಕುದ್ದು ಕುದ್ದು ಕಷಾಯವಾಯಿತು. ಮರುದಿನ ಅಕ್ಕನಿಗೆ, "ತಮ್ಮ ತಪ್ಪಾತು ಅಂದ" ಎಂದೆ. ತಮ್ಮನಿಗೆ, "ಅಕ್ಕ ತಪ್ಪಾತು ಅಂದ್ಲು" ಎಂದೆ. ಅಕ್ಕ "ಆತ ಬಿಡು, ಸಣ್ಣಾಂವ" ಎಂದಳು. ತಮ್ಮ "ಆತ ಬಿಡು, ವಯಸ್ಸಾಗೇತಿ" ಎಂದ. ಇಬ್ಬರೂ ತಾವೇ ಗೆದ್ದೆವೆಂದು ಶಿರಹಟ್ಟಿಗೆ ಹೊರಟರು.

ಬೆಟಗೇರಿಯಲ್ಲಿ ಬಸ್ಸು ಹತ್ತುವಾಗಲೇ ನಾನು ಮುಂದಿನದನ್ನು ಲೆಕ್ಕ ಹಾಕಿದೆ. ಇಬ್ಬರೂ ಎದುರಾಬದುರು ಕುಳಿತು ಐದು ನಿಮಿಷ ಮಾತಾಡಿದರೆ ಒಂಬತ್ತು ವರ್ಷದ ಸುಳ್ಳು ಬಯಲಾಗುತ್ತದೆ. ಬಯಲಾದರೆ ಇಬ್ಬರೂ ನನ್ನನ್ನು ದೂರ ಮಾಡುತ್ತಾರೆ, ಒಬ್ಬರನ್ನೊಬ್ಬರು ಇನ್ನಷ್ಟು ದೂರ ಮಾಡುತ್ತಾರೆ. ನನಗಿರುವ ಒಡಹುಟ್ಟಿದವರು ಅವರಿಬ್ಬರೇ. ನಾನು ಯೋಜನೆ ಮಾಡಿದೆ. ಪೂಜೆಗೆ ಕೂತಾಗ ನಡುವೆ ನಾನು. ಊಟಕ್ಕೆ ಕೂತಾಗ ನಡುವೆ ನಾನು. ನಾಲ್ಕರ ಬಸ್ಸಿಗೆ ಅಕ್ಕನನ್ನು ಹತ್ತಿಸುವುದು. ಅಷ್ಟರಲ್ಲಿ ಮುಗಿಯಬೇಕು.

ಪೂಜೆಯಲ್ಲಿ ಎಲ್ಲ ಸರಿಯಾಗಿ ನಡೆಯಿತು. ಅಕ್ಕ ನನ್ನ ಬಲಕ್ಕೆ, ತಮ್ಮ ಎಡಕ್ಕೆ. ಅಕ್ಕನ ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ, ತಮ್ಮನ ತೊಡೆಯ ಮೇಲೆ ಕ್ಲಾರ್ನೆಟ್ಟಿನ ಪೆಟ್ಟಿಗೆ. ಅಕ್ಕ ಕಿವಿಯಲ್ಲಿ, "ಹಿಂಡಿ ತಂದೀನಿ. ಕೇಳಿ ಕೇಳಿ ತರಿಸ್ಕೊತಾನ ಪಾಪ" ಎಂದಳು. ತಮ್ಮ ಇನ್ನೊಂದು ಕಿವಿಯಲ್ಲಿ, "ಊಟ ಆದಮ್ಯಾಲ ಊದಿ ಕೇಳಸ್ತೀನಿ. ಆಕಿ ಅತ್ತಿದ್ದು ಅದಕ್ಕ ಅಲ್ಲೇನು?" ಎಂದ. ನಾನು ಗಣಪತಿಯ ಮೂರ್ತಿಯನ್ನು ನೋಡುತ್ತ ಕುಳಿತೆ.

ಊಟಕ್ಕೆ ಎಲೆ ಹಾಕಿದರು. ಮೊದಲ ಪಂಕ್ತಿ ಹಿರಿಯರದು. ಗೋಡೆಯ ಪಕ್ಕ ಅಕ್ಕನ ಎಲೆ, ನಂತರ ನನ್ನದು, ನಂತರ ತಮ್ಮನದು. ನಾನು ಇನ್ನೇನು ಕೂರಬೇಕು, ತಮ್ಮನ ಮಗಳು ಓಡಿ ಬಂದಳು.

"ಸಣ್ಣತ್ತಿ, ಬಡಿಸಾಕ ಮಂದಿ ಸಾಲವಲ್ರು. ನಿನ್ನಂಗ ಲೆಕ್ಕ ಹಿಡದು ಬಡಸವ್ರು ಯಾರದಾರ? ಒಂದ ಪಂಕ್ತಿ, ಆಮ್ಯಾಲ ನೀ ಕುಂಡ್ರಬೇಕು."

"ಬ್ಯಾಡವಾ, ನನಗ ಹಸಿವಿ ಆಗೇತಿ" ಎಂದೆ.

"ನೀ ಹನ್ನೆರಡೂವರಿಗೆ ಉಣ್ಣಾಕಿ, ಈಗಿನ್ನೂ ಹನ್ನೆರಡು" ಎಂದು ಕೋಸಂಬರಿಯ ಪಾತ್ರೆಯನ್ನು ನನ್ನ ಕೈಗೆ ಹಿಡಿಸಿಬಿಟ್ಟಳು.

ನನ್ನ ಎಲೆ ಇಬ್ಬರ ನಡುವೆ ಖಾಲಿ ಉಳಿಯಿತು. ನಾನು ಸಾಲಿನ ಆ ತುದಿಯಿಂದ ಈ ತುದಿಗೆ ಬಡಿಸುತ್ತ ಬಂದೆ. ಕೋಸಂಬರಿ ಹಾಕುವಾಗ ಅಕ್ಕ ಗೋಡೆ ನೋಡುತ್ತಿದ್ದಳು, ತಮ್ಮ ತನ್ನ ಎಲೆಯ ನಾರು ಎಣಿಸುತ್ತಿದ್ದ. ಬದನೆಕಾಯಿ ಪಲ್ಯದೊಂದಿಗೆ ಬರುವಾಗ ಅಕ್ಕ ನನ್ನ ಖಾಲಿ ಎಲೆಗೆ ಹೇಳುತ್ತಿದ್ದಳು: "ಹಿಂಡಿ ತಂದೀನಿ. ಬೇಕಾದವ್ರು ಸಂಕೋಚ ಬಿಟ್ಟು ಹಾಕ್ಕೊಬೇಕು." ತಮ್ಮ ಅದೇ ಎಲೆಗೆ ಉತ್ತರ ಕೊಟ್ಟ: "ಹಾಕ್ಕೊಂತಾರ. ಅವಸರ ಏನೈತಿ."

"ಹಾಕ್ಕೋ" ಎಂದು ನಾನು ಅವನ ಎಲೆಗೆ ಬದನೆಕಾಯಿ ಹಾಕುತ್ತ ಹಲ್ಲು ಕಚ್ಚಿ ಹೇಳಿದೆ. "ಮೂರು ಚಮಚ ಹಾಕ್ಕೊಂಡು ಬಾಯಿ ಮುಚ್ಚಿ ತಿನ್ನು."

ರೊಟ್ಟಿಯ ಬುಟ್ಟಿ ಹಿಡಿದು ತಿರುಗಿ ಬರುವಷ್ಟರಲ್ಲಿ ಅಕ್ಕ ತಾನೇ ಡಬ್ಬಿ ತೆರೆದು ಅವನ ಎಲೆಯಲ್ಲಿ ಗುಡ್ಡ ಮಾಡಿದ್ದಳು. ಅವನು ತಿನ್ನುತ್ತಿದ್ದ. ಉಪ್ಪಿಗೆ ಕಣ್ಣಲ್ಲಿ ನೀರು. ಅಕ್ಕ ಆ ನೀರು ನೋಡಿ ಹಿಗ್ಗಿ, ನನ್ನ ಎಲೆಗೆ "ಅವ್ವನ ನೆನಪಾತು ಅನಸ್ತೈತಿ. ತಿಂಗಳಾ ತಿಂಗಳಾ ಸುಮ್ಮಸುಮ್ಮನ ಕೇಳ್ತಿದ್ದಿಲ್ಲ" ಎಂದಳು.

ತಮ್ಮನ ಕೈ ಬಾಯಿಯ ಹತ್ತಿರ ನಿಂತಿತು. ಅವನು ಎಲೆಯನ್ನು ನೋಡಲಿಲ್ಲ. ನೇರವಾಗಿ ಅಕ್ಕನ ಮುಖ ನೋಡಿ ಕೇಳಿದ:

"ಯಾರು ಕೇಳ್ಯಾರ?"

ಒಂಬತ್ತು ವರ್ಷದಲ್ಲಿ ಅವನು ಅಕ್ಕನಿಗೆ ಆಡಿದ ಮೊದಲ ಮಾತು ಅದು. ನಾನು ಗಾಬರಿಯಲ್ಲಿ ಇಬ್ಬರು ನೆಂಟರಿಗೆ ರೊಟ್ಟಿ ಹಾಕದೆ ದಾಟಿ, ಒಳಗೆ ಓಡಿ ಹೋಳಿಗೆಯ ತಟ್ಟೆ ಎತ್ತಿಕೊಂಡೆ. ಹಿಂದಿನಿಂದ ಯಾರೋ "ಅಕ್ಕಾರ, ಇಲ್ಲಿ ರೊಟ್ಟಿ" ಅನ್ನುತ್ತಿದ್ದರು. ಹೋಳಿಗೆಯೊಂದಿಗೆ ಅವರ ಹತ್ತಿರ ಬರುವಷ್ಟರಲ್ಲಿ ಮಾತು ಬಿಸಿಯೇರಿತ್ತು.

"ಉಪ್ಪು ಭಾಳ ಆಗೇತಿ, ಸಾಕು ಅಂತ ನಾ ಒಂಬತ್ತು ವರ್ಷದಿಂದ ಬಡಕೊಳ್ಳಾಕತ್ತೀನಿ."

"ಮತ್ತ ಅವ್ವನ ಕೈರುಚಿ ಅಂತ ಅತ್ತಿಯಂತಲ್ಲ ನೀನು?"

"ನಾ ಯಾಕ ಅಳಲಿ? ಅತ್ತಾಕಿ ನೀನ. ನನ್ನ ಕ್ಲಾರ್ನೆಟ್ ಕೇಳಿ."

"ನಿನ್ನ ಕ್ಲಾರ್ನೆಟ್ ಕೇಳಿ ಅತ್ತಿದ್ದು ನಮ್ಮ ಎಮ್ಮಿ."

"ಹದಿನೈದು ದಿನಕ್ಕೊಮ್ಮೆ ಅತ್ತಿ ಅಂತ ಖಬರ್ ಬರ್ತಿತ್ತಲ್ಲ?"

"ಹದಿನೈದು ದಿನಕ್ಕೊಮ್ಮೆ ಅಳಾಕ ನನಗೇನು ಬ್ಯಾರೆ ಕೆಲಸ ಇಲ್ಲೇನು?"

ಅಷ್ಟರಲ್ಲಿ ನನ್ನ ನೆರಳು ಎಲೆಗಳ ಮೇಲೆ ಬಿತ್ತು. ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ನಾನು ಒಬ್ಬೊಬ್ಬರಿಗೆ ಎರಡೆರಡು ಹೋಳಿಗೆ ಹಾಕಿ, ಏನೂ ಕೇಳದವಳ ಹಾಗೆ ಮುಂದೆ ನಡೆದೆ. ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತೆ. ಭಯವಾಗಬೇಕಿತ್ತು, ಆಗಿತ್ತು ಕೂಡ. ಆದರೆ ಹೊಟ್ಟೆಯಿಂದ ನಗು ಏಳತೊಡಗಿತ್ತು. ಅಕ್ಕನ ಪರವಾಗಿ ಹದಿನೈದು ದಿನಕ್ಕೊಮ್ಮೆ ಅತ್ತವಳು ನಾನು. ತಮ್ಮನ ಪರವಾಗಿ ಹಿಂಡಿ ಬೇಡಿದವಳೂ ನಾನು. ಎಪ್ಪತ್ತೊಂದು ವರ್ಷದ ಹೆಂಗಸು, ಬಾಯಿಗೆ ಸೆರಗು ತುರುಕಿಕೊಂಡು ನಿಂತೆ. ತಮ್ಮನ ಮಗಳು ತುಪ್ಪದ ತಂಬಿಗೆ ಕೊಟ್ಟು, "ಯಾಕ ಸಣ್ಣತ್ತಿ, ಬಿಕ್ಕಳಿಕಿ ಬಂತೇನು?" ಎಂದಳು.

ತುಪ್ಪವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಹೋಳಿಗೆ ಆರುತ್ತದೆ. ಹೋದೆ.

ನಾನು ಮುಟ್ಟುವಷ್ಟರಲ್ಲಿ ಅಕ್ಕ ಸ್ವಲ್ಪ ತಣ್ಣಗಾಗಿ ದೊಡ್ಡತನ ತೋರಿಸುತ್ತಿದ್ದಳು. "ಹೋಗ್ಲಿ ಬಿಡು. ನೀನ ಮೊದಲ ತಪ್ಪಾತು ಅಂದೀದಿ. ನನಗಷ್ಟ ಸಾಕು."

ತಮ್ಮ ಹೋಳಿಗೆಯನ್ನು ಕೆಳಗಿಟ್ಟ. "ನಾನ? ತಪ್ಪಾತು ಅಂದಾಕಿ ನೀನು."

"ನಾನಾ?"

"ಮತ್ತ? ಅದಕ್ಕ ನಾ ಬಂದೀನಿ."

"ನೀ ಅಂದಿ ಅಂತ ನಾ ಬಂದೀನಿ."

ಇಬ್ಬರೂ ನನ್ನತ್ತ ತಿರುಗಿದರು. ಇಡೀ ಪಂಕ್ತಿಯೂ ತಿರುಗಿತ್ತೆಂದು ಈಗ ಅನ್ನಿಸುತ್ತದೆ.

"ಸಣ್ಣಕ್ಕ, ನಿಂದ್ರು" ಎಂದ ತಮ್ಮ.

"ತುಪ್ಪ ಆರ್ತೈತಿ" ಎಂದೆ.

"ಆರಲಿ. ಅಕ್ಕ ತಪ್ಪಾತು ಅಂದಿದ್ಲೋ ಇಲ್ಲೋ?"

"ಅಂದಿದ್ದಿಲ್ಲ" ಎಂದೆ.

"ಅಂವ ಅಂದಿದ್ದನೋ ಇಲ್ಲೋ?" ಎಂದಳು ಅಕ್ಕ.

"ಅವನೂ ಅಂದಿದ್ದಿಲ್ಲ."

"ಹಂಗಾರ ಅಂದವ್ರು ಯಾರು?"

ಗಂಭೀರವಾಗಿ ತಪ್ಪೊಪ್ಪಿಕೊಳ್ಳಬೇಕೆಂದು ಬಾಯಿ ತೆರೆದೆ. ನಗು ಬಂದುಬಿಟ್ಟಿತು. ಎಷ್ಟು ತಡೆದರೂ ನಿಲ್ಲಲಿಲ್ಲ. ನಗುವಿನ ಭರಕ್ಕೆ ಕೈ ಅಲುಗಾಡಿ ತಂಬಿಗೆಯ ತುಪ್ಪ ಧಾರೆಯಾಗಿ ತಮ್ಮನ ಹೊಸ ಧೋತರದ ಮೇಲೆ ಇಳಿಯಿತು. ಅಕ್ಕ ನನ್ನ ಕೈಯಿಂದ ತಂಬಿಗೆ ಕಿತ್ತುಕೊಂಡಳು. "ನಗ್ತಾಳ ನೋಡು, ನಾಚಿಕಿ ಇಲ್ಲದಾಕಿ" ಎಂದಳು. ತಮ್ಮ ಧೋತರವನ್ನು ನೋಡಿದ, ಅಕ್ಕನನ್ನು ನೋಡಿದ.

"ನಮ್ಮಿಬ್ಬರನ್ನೂ ಒಂದ ತಕ್ಕಡ್ಯಾಗ ಹಾಕಿ ಮಾರಿಬಿಟ್ಟಾಳಲ್ಲಕ್ಕ ಇಕಿ."

"ಸಣ್ಣಾಕಿ ಇದ್ದಾಗಿಂದಾನೂ ಹಿಂಗ. ನಾ ಬೆಲ್ಲ ಕದ್ದರ ಅವ್ವಗ ಇಲಿ ತಿಂತು ಅಂತ ಹೇಳಾಕಿ. ನಾ ಹೇಳು ಅಂತಾನೂ ಅಂದಿದ್ದಿಲ್ಲ."

"ನನ್ನ ಪರೀಕ್ಷಾ ನಾಪಾಸಾದಾಗ ಅಪ್ಪಗ ಪಾಸು ಅಂತ ಇಕಿನ ಹೇಳಿ ಪೇಢೆ ಹಂಚಸಿದ್ಲು. ಆಮ್ಯಾಲ ಬಡತ ತಿಂದಾಂವ ನಾನು."

ಅಲ್ಲಿಂದ ಅವರು ನಿಲ್ಲಲಿಲ್ಲ. ಅನ್ನ ಬಂತು, ಸಾರು ಬಂತು, ಇಬ್ಬರೂ ನನ್ನ ಖಾಲಿ ಎಲೆಯನ್ನು ಪಕ್ಕಕ್ಕೆ ಸರಿಸಿ ಹತ್ತಿರ ಸರಿದು, ನಾನು ಐದು ವರ್ಷದವಳಿದ್ದಾಗಿನಿಂದ ಮಾಡಿದ ಅಪರಾಧಗಳನ್ನು ಒಂದೊಂದಾಗಿ ಹೊರತೆಗೆದರು. ಮಜ್ಜಿಗೆ ಬಡಿಸುವಾಗ ನಾನು ಯಾರೆಂದು ಕೂಡ ಅವರಿಗೆ ಲಕ್ಷ್ಯವಿರಲಿಲ್ಲ. ಪಂಕ್ತಿ ಎದ್ದರೂ ಅವರು ಏಳಲಿಲ್ಲ. ಕೈ ಒಣಗುವವರೆಗೆ ಮಾತಾಡಿದರು.

ಊಟದ ನಂತರ ತಮ್ಮ ಪಡಸಾಲೆಯಲ್ಲಿ ಕ್ಲಾರ್ನೆಟ್ ಜೋಡಿಸಿದ. ಮೌತ್‌ಪೀಸ್ ಬಿಗಿಯುವಾಗ ಅಕ್ಕ ದೂರದಿಂದಲೇ ಕುತ್ತಿಗೆ ಚಾಚಿ ನೋಡಿದಳು. "ಕುದಿಸಾಕ ಬರಂಗಿಲ್ಲೇನು ಅದನ್ನ?" ಎಂದು ಕೇಳಿದಳು. "ಬರಂಗಿಲ್ಲಕ್ಕ" ಎಂದ. "ಹಂಗಂತ ಅವತ್ತ ಹೇಳಬಾರದಿತ್ತೇನು" ಎಂದಳು. "ಸ್ನಾನ ಮಾಡಾಕತ್ತಿದ್ದೆ" ಎಂದ. ಅಷ್ಟೆ. ತಪ್ಪಾತು ಎಂದು ಇಬ್ಬರೂ ಅನ್ನಲಿಲ್ಲ.

ಅವನು ಊದಿದ. ಮುಗಿದ ಮೇಲೆ ಎಲ್ಲರೂ ಅಕ್ಕನ ಕಡೆ ನೋಡಿದರು. ಆಕೆ ಸ್ವಲ್ಪ ಯೋಚಿಸಿ, "ಇನ್ನೂ ಕಿರಚ್ತೈತಿ" ಎಂದಳು. ನಾನು ಹದಿನೈದು ದಿನಕ್ಕೊಮ್ಮೆ ಒಪ್ಪಿಸುತ್ತಿದ್ದ ಕಣ್ಣೀರಿಗೂ ತಮ್ಮ ಅಷ್ಟು ಹಿಗ್ಗಿರಲಿಲ್ಲ. ಗಲ್ಲವೆಲ್ಲ ಕೆಂಪಾಗಿ, "ಎಲ್ಲಿ ಕಿರಚ್ತು, ಹೇಳು, ಆ ಜಾಗಾ ಮತ್ತ ಊದ್ತೀನಿ" ಎಂದು ಆಕೆಯ ಪಕ್ಕಕ್ಕೆ ಹೋಗಿ ಕುಳಿತ. ನಾಲ್ಕರ ಬಸ್ಸು ಹೋಯಿತು, ಐದರ ಬಸ್ಸೂ ಹೋಯಿತು.

ನಾನು ಎರಡನೆಯ ಪಂಕ್ತಿಯಲ್ಲಿ ಒಬ್ಬಳೇ ಉಂಡು, ಕೈ ತೊಳೆದು, ಅಕ್ಕನ ಹತ್ತಿರ ಹೋಗಿ ಕುಳಿತೆ. "ಅಕ್ಕಾ" ಎಂದೆ. ಅಕ್ಕ ಗೋಡೆ ನೋಡಿದಳು. "ತಮ್ಮಾ" ಎಂದೆ. ತಮ್ಮ ಕ್ಲಾರ್ನೆಟ್ಟಿನ ತೂತುಗಳನ್ನು ಒರೆಸತೊಡಗಿದ.

ಅಕ್ಕ ಅವನಿಗೆ ಹೇಳಿದಳು: "ಆಕಿಗೆ ಹೇಳು, ಇಂಥಾ ಸುಳ್ಳಬುರಕಿ ಕೂಡ ನನಗ ಮಾತಿಲ್ಲ ಅಂತ."

ನಾನು ಆಕೆಯಿಂದ ಒಂದು ಮೊಳ ದೂರದಲ್ಲಿದ್ದೆ. ತಮ್ಮ ನನ್ನ ಕಡೆ ತಿರುಗಿದ. ಮುಖ ಬಿಗಿಯಾಗಿತ್ತು, ಮೀಸೆ ಮಾತ್ರ ಅಲುಗಾಡುತ್ತಿತ್ತು. "ದೊಡ್ಡಕ್ಕ ಕೇಳಾಕತ್ತಾಳ, ನಿನಗ ಉಣ್ಣಾಕ ಹೋಳಿಗಿ ಉಳದಿದ್ವೋ ಇಲ್ಲೋ ಅಂತ."

ಅಕ್ಕ ಅವನ ಬೆನ್ನಿಗೆ ಗುದ್ದಿದಳು. ಆದರೆ ತಿದ್ದಲಿಲ್ಲ.

ಇದಾಗಿ ಎರಡು ತಿಂಗಳಾಯಿತು. ಅಕ್ಕ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಏಳೂಕಾಲಿಗೆ ಈಗ ಆಕೆ ಲಕ್ಷ್ಮೇಶ್ವರಕ್ಕೆ ಫೋನು ಮಾಡುತ್ತಾಳೆ. ಮೊದಲ ವಾರ ಆ ಹೊತ್ತಿಗೆ ನಾನು ಫೋನಿನ ಮುಂದೆ ಕುಳಿತು, ಚಹಾ ಆರಿಸಿಕೊಂಡು, ಏನು ಮಾಡಬೇಕೆಂದು ತಿಳಿಯದೆ ಸ್ಟೀಲ್ ಡಬ್ಬಿಗಳನ್ನೆಲ್ಲ ತಿಕ್ಕಿದೆ. ಏಳೂವರೆಗೆ ತಮ್ಮ ಮಾತ್ರ ಮಾಡುತ್ತಾನೆ. ಅವನೂ ಮಾತು ಬಿಟ್ಟವನೇ, ಆದರೆ ಅಕ್ಕನ ಸುದ್ದಿ ಮುಟ್ಟಿಸುವವರು ಬೇಕಲ್ಲ, ಅದಕ್ಕಾಗಿ ಮಾತಾಡುತ್ತಾನೆ.

ಮೊನ್ನೆ ಅವನು ಹೇಳಿದ: "ದೊಡ್ಡಕ್ಕ ಹೇಳಿ ಕಳಿಸ್ಯಾಳ. ಬರೂ ಸೋಮವಾರ ಮುಂಡರಗಿಗೆ ಬಾ ಅಂತ. ನಿನಗ ಹೊಸಾ ಸೀರಿ ತಂದಿಟ್ಟಾಳಂತ. ನೀ ಇಲ್ದ ಮನಿ ಬಣಬಣ ಅನ್ನಾಕತ್ತೈತಂತ."

"ಖರೆ ಏನಂದ್ಲು ಹೇಳು" ಎಂದೆ.

ಆ ಕಡೆ ಹೊಲಿಗೆ ಯಂತ್ರ ಒಂದು ಸಾಲು ಓಡಿ ನಿಂತಿತು. "ಅದನ್ನೆಲ್ಲಾ ನೀ ಕೇಳೂದ ಬ್ಯಾಡ" ಎಂದ.

ಅಕ್ಕ ಏನು ಅಂದಿರಬಹುದೆಂದು ಅಂದಾಜು ಮಾಡಿಕೊಂಡು ಒಬ್ಬಳೇ ನಕ್ಕೆ. ಸೋಮವಾರ ಎಂಟು ಹತ್ತರ ಬಸ್ಸಿದೆ. ಸೀರೆ ಇಲ್ಲದಿದ್ದರೆ ಅಕ್ಕ ಆ ಕ್ಷಣಕ್ಕೆ ತನ್ನ ಪೆಟ್ಟಿಗೆಯಿಂದ ಒಂದನ್ನು ಎಳೆದು ಎಸೆಯಲೇಬೇಕಾಗುತ್ತದೆ, ತಮ್ಮನ ಮರ್ಯಾದೆಗಾದರೂ. ಆದ್ದರಿಂದ ಬರುತ್ತೇನೆಂದು ಅವನ ಕೈಯಲ್ಲಿ ಹೇಳಿ ಕಳಿಸಿದ್ದೇನೆ.